ಓದುಗರ ಪ್ರಶ್ನೆ: ಸರ್ಬೋ-ಕ್ರೊಯೇಷಿಯನ್‌ನಿಂದ ರಷ್ಯನ್‌ಗೆ, ಅದೂ ಸಮಾಜಶಾಸ್ತ್ರ ಬಲ್ಲ ದುಭಾಷಿ ಬೇಕು

ಪ್ರಶ್ನೆ: ವಿಯೆನ್ನಾದಲ್ಲಿ ಸಂಶೋಧನಾ ಸಮ್ಮೇಳನಗಳ ವ್ಯವಸ್ಥೆ ನೋಡಿಕೊಳ್ಳುವ ಕೆಲಸ ನನ್ನದು. ಯುಗೊಸ್ಲಾವಿಯಾದ ಕಾರ್ಮಿಕ ಸ್ವಯಮಾಡಳಿತದ (ಕಾರ್ಖಾನೆಗಳನ್ನು ದುಡಿಯುವವರೇ ನಡೆಸುವ ಪದ್ಧತಿ) ಬಗ್ಗೆ ಎರಡು ದಿನದ ವಿಚಾರ ಸಂಕಿರಣವಿದೆ. ಮಾತಾಡುವವರು ಬೆಲ್‌ಗ್ರೇಡ್, ಝಾಗ್ರೆಬ್, ಸರಾಯೆವೊದವರು; ಕೇಳುವವರಲ್ಲಿ ಬಹುಪಾಲು ರಷ್ಯನ್ ಬಲ್ಲವರು. ಅಂತರ್ಜಾಲದ ಪಟ್ಟಿಗಳಲ್ಲಿ ‘ಸರ್ಬೋ-ಕ್ರೊಯೇಷಿಯನ್‌ನಿಂದ ರಷ್ಯನ್, ಸಮಾಜ ವಿಜ್ಞಾನ’ ಎಂದು ಹುಡುಕಿದರೆ ಬೆರಳೆಣಿಕೆಯ ಹೆಸರುಗಳು ಬರುತ್ತವೆ, ಅವರಲ್ಲೂ ಅರ್ಧ ಜನ ಬರಹದ ಅನುವಾದಕರು. ದುಭಾಷಿಗಳನ್ನು ಎಲ್ಲಿ ಹುಡುಕಲಿ?
— ಓದುಗರು, ವಿಯೆನ್ನಾ

ಉತ್ತರ: ಮೊದಲು ಹುಡುಕುವ ಪದ ಬದಲಿಸಿ. 1991ರಲ್ಲಿ ಯುಗೊಸ್ಲಾವಿಯಾ ಒಡೆಯತೊಡಗಿದ ಮೇಲೆ ‘ಸರ್ಬೋ-ಕ್ರೊಯೇಷಿಯನ್’ ಎಂಬ ಹೆಸರನ್ನು ವೃತ್ತಿಯ ಫಲಕಕ್ಕೆ ಹಾಕಿಕೊಳ್ಳುವವರು ಕಡಿಮೆ. ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮಾಂಟೆನೆಗ್ರಿನ್ ಎಂದು ನಾಲ್ಕು ಸಲ ಹುಡುಕಿ. ಆಸ್ಟ್ರಿಯಾ, ಜರ್ಮನಿಯಲ್ಲಿ ಮೊದಲ ಮೂರನ್ನು ಸೇರಿಸಿ ‘ಬಿಕೆಎಸ್’ ಎನ್ನುತ್ತಾರೆ, ಆ ಹೆಸರಲ್ಲೂ ನೋಡಿ. ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿದ್ದ, ಯುಗೊಸ್ಲಾವಿಯಾದ ಯುದ್ಧಾಪರಾಧಗಳ ನ್ಯಾಯಮಂಡಳಿ 1993ರಿಂದ 2017ರವರೆಗೆ ಈ ಮೂರನ್ನೂ ಒಂದೇ ಭಾಷೆಯ ಲೆಕ್ಕದಲ್ಲಿ ನಡೆಸಿತು. ಹಾಗಾಗಿ ಹಳೆಯ ದುಭಾಷಿಗಳಿಗೆ ಈ ಕೂಡು ಹೆಸರು ಹೊಸದಲ್ಲ.

ಎರಡನೆಯದಾಗಿ, ಪ್ರೋಝ್ ಎಂಬ ಅನುವಾದಕರ ಜಾಲತಾಣದಂಥ ಪಟ್ಟಿಗಳಲ್ಲಿ ‘ಸಮಾಜ ವಿಜ್ಞಾನ’ ಎಂಬ ಗುರುತು ದುಭಾಷಿಗಳು ತಾವೇ ಹಾಕಿಕೊಂಡದ್ದು. ಅದೇ ವ್ಯಕ್ತಿ ಕೃಷಿ, ಕಾನೂನು, ಔಷಧ, ಜಾಹೀರಾತಿಗೂ ಗುರುತು ಹಾಕಿದ್ದರೆ ಆ ಗುರುತಿಗೆ ಬೆಲೆಯಿಲ್ಲ. ಎಐಐಸಿ ಎಂಬ ಅಂತರರಾಷ್ಟ್ರೀಯ ಸಮ್ಮೇಳನ ದುಭಾಷಿಗಳ ಸಂಘದ (1953ರಲ್ಲಿ ಹುಟ್ಟಿದ್ದು) ಪಟ್ಟಿ ಹೆಚ್ಚು ನಂಬಬಹುದಾದದ್ದು. ಅಲ್ಲಿ ಭಾಷೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿರುತ್ತಾರೆ: ಎ ಮಾತೃಭಾಷೆ, ಬಿ ಮಾತಾಡಿಯೂ ಕೆಲಸ ಮಾಡಬಲ್ಲದ್ದು, ಸಿ ಕೇಳಿ ಅರ್ಥಮಾಡಿಕೊಳ್ಳುವುದಕ್ಕಷ್ಟೇ. ನಿಮಗೆ ಬೇಕಾದವರು ರಷ್ಯನ್ ಎ, ಸರ್ಬಿಯನ್ ಅಥವಾ ಕ್ರೊಯೇಷಿಯನ್ ಬಿ ಇರುವವರು. ಸಿ ಸಾಲದು, ಯಾಕೆಂದರೆ ಭಾಷಣ ಮುಗಿದ ಕೂಡಲೇ ಸಭಿಕರು ರಷ್ಯನ್‌ನಲ್ಲಿ ಪ್ರಶ್ನೆ ಕೇಳುತ್ತಾರೆ, ಅದು ತಿರುಗಿ ಸರ್ಬಿಯನ್‌ಗೆ ಹೋಗಬೇಕು. ಸಂಘಟಕರು ಸದಾ ಮರೆಯುವುದು ಪ್ರಶ್ನೋತ್ತರದ ಈ ಅರ್ಧ ಗಂಟೆಯನ್ನೇ.

ಇನ್ನು ಜನ. ನೀವಿರುವ ಊರಲ್ಲೇ ಶುರುಮಾಡಿ: ವಿಯೆನ್ನಾ ಮತ್ತು ಗ್ರಾಝ್ ವಿಶ್ವವಿದ್ಯಾಲಯಗಳ ಅನುವಾದ ವಿಭಾಗಗಳಲ್ಲಿ ಬಿಕೆಎಸ್ ಮತ್ತು ರಷ್ಯನ್ ಎರಡನ್ನೂ ಕಲಿಸುತ್ತಾರೆ. ಅಲ್ಲಿ ಓದಿದವರಲ್ಲಿ ಎರಡೂ ಗೊತ್ತಿರುವವರು ಸಿಗುತ್ತಾರೆ, ಆದರೆ ಅವರ ಅಭ್ಯಾಸವೆಲ್ಲ ಜರ್ಮನ್ ಜೊತೆಗಿನದು. ಸರ್ಬಿಯನ್-ರಷ್ಯನ್ ನೇರ ಜೋಡಿಯಲ್ಲಿ ಎಷ್ಟು ಕೆಲಸ ಮಾಡಿದ್ದಾರೆಂದು ಕೇಳಲೇಬೇಕು. ಬೆಲ್‌ಗ್ರೇಡ್‌ನ ಭಾಷಾಶಾಸ್ತ್ರ ನಿಕಾಯದ ಸ್ಲಾವಿಕ್ ವಿಭಾಗ, ನೋವಿ ಸಾದ್ ಮತ್ತು ಝಾಗ್ರೆಬ್‌ನ ರಷ್ಯನ್ ವಿಭಾಗಗಳು ಇನ್ನೊಂದು ಮೂಲ. ಮಾಸ್ಕೋ ವಿಶ್ವವಿದ್ಯಾಲಯದ ಸ್ಲಾವಿಕ್ ಭಾಷಾ ವಿಭಾಗ, ರಾಜತಾಂತ್ರಿಕರನ್ನು ತಯಾರು ಮಾಡುವ ಎಂಗಿಮೊ, ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಮೂರನೆಯದು. ಸಮಾಜಶಾಸ್ತ್ರದ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ರಷ್ಯನ್ ವಿಜ್ಞಾನ ಅಕಾಡೆಮಿಯ ಸ್ಲಾವಿಕ್ ಅಧ್ಯಯನ ಸಂಸ್ಥೆ. ಅಲ್ಲಿನ ಸಂಶೋಧಕರು ಸ್ವತಃ ದುಭಾಷಿಗಳು ಕೂತು ಮಾತಾಡುವ ಬೂತಿನಲ್ಲಿ ಕೂರದಿದ್ದರೂ, ತಮ್ಮ ಸಮ್ಮೇಳನಗಳಲ್ಲಿ ಯಾರು ಚೆನ್ನಾಗಿ ಮಾಡಿದರು ಅನ್ನುವುದು ಅವರಿಗೆ ಗೊತ್ತು. ಹಾಗೆಯೇ ಸರ್ಬಿಯನ್, ಕ್ರೊಯೇಷಿಯನ್ ಸಮಾಜಶಾಸ್ತ್ರದ ಪುಸ್ತಕ ರಷ್ಯನ್‌ಗೆ ಬಂದಿದ್ದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಅನುವಾದಕರ ಹೆಸರು ಇರುತ್ತದೆ. ಅವರಿಗೊಂದು ಪತ್ರ ಬರೆದರೆ ಪಟ್ಟಿಗಳಲ್ಲಿ ಒಂದು ವಾರ ತಡಕಾಡುವುದು ತಪ್ಪುತ್ತದೆ.

ಎರಡು ಕಡೆ ಎಚ್ಚರ ಬೇಕು. 2022ರ ನಂತರ ಬೆಲ್‌ಗ್ರೇಡ್, ನೋವಿ ಸಾದ್‌ಗಳಿಗೆ ರಷ್ಯನ್ನರು ದೊಡ್ಡ ಸಂಖ್ಯೆಯಲ್ಲಿ ಬಂದರು, ಅವರಲ್ಲಿ ಹಲವರು ದುಭಾಷಿ ಕೆಲಸ ಹಿಡಿದಿದ್ದಾರೆ. ರಷ್ಯನ್ ಅವರ ಮನೆಮಾತು, ಬಾಡಿಗೆ ಮನೆ ಮತ್ತು ಬ್ಯಾಂಕಿನ ಸರ್ಬಿಯನ್ ಕೂಡ ಸರಾಗ. ಸಿದ್ಧಾಂತದ ಭಾಷಣಕ್ಕೆ ಅದು ಸಾಲುವುದಿಲ್ಲ. ಇನ್ನೊಂದು, ಸರ್ಬಿಯಾದ ‘ನ್ಯಾಯಾಲಯದ ದುಭಾಷಿ’ ಮೊಹರು. ನ್ಯಾಯ ಸಚಿವಾಲಯ ನೇಮಿಸುವ ಈ ಜನ ಜನನಪತ್ರ, ಪದವಿಪತ್ರ, ಒಪ್ಪಂದಗಳಿಗೆ ಬೇಕಾದವರು. ಮೊಹರು ಇದೆಯೆಂದ ಮಾತ್ರಕ್ಕೆ ಭಾಷಣದ ಜೊತೆಜೊತೆಗೇ ಮಾತಾಡಬಲ್ಲರು ಎಂದಾಗುವುದಿಲ್ಲ. ರಷ್ಯಾದಲ್ಲಂತೂ ಇಂಥ ಪ್ರಮಾಣಿತ ದುಭಾಷಿ ವ್ಯವಸ್ಥೆಯೇ ಇಲ್ಲ; ನೋಟರಿ ದೃಢೀಕರಿಸುವುದು ಅನುವಾದಕರ ಸಹಿಯನ್ನು.

ಪ್ರಶ್ನೆ: ಭಾಷೆಗೊಬ್ಬರು ಸಾಕಲ್ಲವೆ? ದಿನಕ್ಕೆ ಆರು ಗಂಟೆ ಕಾರ್ಯಕ್ರಮ.
— ಅದೇ ಓದುಗರು

ಉತ್ತರ: ಸಾಲದು. ಭಾಷಣದ ಜೊತೆಗೇ ನಡೆಯುವ ಅನುವಾದಕ್ಕೆ ಒಂದು ಬೂತಿಗೆ ಕನಿಷ್ಠ ಇಬ್ಬರು, 20ರಿಂದ 30 ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಮಾತಾಡದೆ ಕೂತವರು ಸುಮ್ಮನಿರುವುದಿಲ್ಲ: ಅಂಕಿ, ಹೆಸರು, ಇಸವಿ ಬರೆದು ಜೊತೆಗಾರರ ಮುಂದೆ ತಳ್ಳುತ್ತಾರೆ. ಆರು ಗಂಟೆಯ ದಿನ, ಎರಡು ದಿಕ್ಕಿನ ಅನುವಾದ, ಸಿದ್ಧಾಂತದ ವಿಷಯ — ಇಷ್ಟು ಸೇರಿದರೆ ಮೂವರನ್ನು ಕರೆಯುವುದು ಲೇಸು. ಒಬ್ಬರೇ ಇಡೀ ದಿನ ಮಾಡುತ್ತೇನೆ ಎಂದು ಒಪ್ಪಿಕೊಂಡರೆ ಅವರನ್ನು ಕೈಬಿಡಲು ಅದೊಂದೇ ಕಾರಣ ಸಾಕು.

ದಣಿವು ಈ ಜೋಡಿಯಲ್ಲಿ ವಿಶೇಷ ಅಪಾಯಕಾರಿ, ಏಕೆಂದರೆ ಎರಡೂ ಒಂದೇ ಸ್ಲಾವಿಕ್ ಕುಟುಂಬದ ಭಾಷೆಗಳು. ಕಿವಿಗೆ ಬಿದ್ದ ಪದ ಅರ್ಥದ ತನಕ ಹೋಗದೆ ಬಾಯಿಯಿಂದ ಹಾಗೇ ಹೊರಬೀಳುತ್ತದೆ. ಸರ್ಬಿಯನ್‌ನ ‘ಇಸ್ಕುಸ್ತ್ವೊ’ ಅಂದರೆ ಅನುಭವ; ರಷ್ಯನ್‌ನ ‘ಇಸ್ಕುಸ್ಸ್ತ್ವೊ’ ಅಂದರೆ ಕಲೆ. ‘ಕಾರ್ಮಿಕರ ಅನುಭವ’ವು ‘ಕಾರ್ಮಿಕರ ಕಲೆ’ ಆದಾಗ ಸಭೆಯಲ್ಲಿ ಯಾರೂ ನಗುವುದಿಲ್ಲ, ಏನೋ ಹೊಸ ವಾದವಿರಬೇಕೆಂದು ಬರೆದುಕೊಳ್ಳುತ್ತಾರೆ.

ಜಾಗಕ್ಕೂ ಲೆಕ್ಕವಿದೆ. ತಂದು ನಿಲ್ಲಿಸುವ ಬೂತುಗಳಿಗೆ ಐಎಸ್‌ಒ 4043 ಮಾನಕ: ಇಬ್ಬರಿಗೆ ಅಗಲ 1.60 ಮೀಟರ್, ಆಳ 1.60, ಎತ್ತರ 2 ಮೀಟರ್ ಕನಿಷ್ಠ. ಮೂವರು ಸರದಿಯಲ್ಲಿ ಕೂರುವುದಾದರೆ ದೊಡ್ಡದನ್ನೇ ತರಿಸಿ. ವೇದಿಕೆ ಮತ್ತು ಪರದೆ ಎರಡೂ ಬೂತಿನಿಂದ ನೇರ ಕಾಣಬೇಕು. ಬೂತಿನ ಖರ್ಚು ಉಳಿಸಲು ಭಾಷಣ ನಿಲ್ಲಿಸಿ ನಿಲ್ಲಿಸಿ ಅನುವಾದಿಸುವ ಕ್ರಮ ಹಿಡಿದರೆ 20 ನಿಮಿಷದ ಭಾಷಣ 40 ನಿಮಿಷವಾಗುತ್ತದೆ. ಎರಡು ದಿನದ ಕಾರ್ಯಕ್ರಮ ನಾಲ್ಕಕ್ಕೆ ಹಿಗ್ಗಿದರೆ ಉಳಿಸಿದ ದುಡ್ಡು ಹೋಟೆಲಿಗೆ ಹೋಗುತ್ತದೆ.

ಪ್ರಶ್ನೆ: ನಮಗೆ ಎರಡೂ ಭಾಷೆ ಬರುವುದಿಲ್ಲ. ದುಭಾಷಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಪರೀಕ್ಷಿಸುವುದು ಹೇಗೆ?
— ಓದುಗರು, ಬರ್ಲಿನ್

ಉತ್ತರ: ನುರಿತವರು ಪುಕ್ಕಟೆ ಪರೀಕ್ಷೆಗೆ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಅರ್ಧ ಗಂಟೆ ಮಾತಿಗೆ ಕರೆಯಿರಿ, ವಿಷಯ ಬಲ್ಲ ರಷ್ಯನ್ ಭಾಷಿಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಈ ಕೆಲವು ಪದಗಳನ್ನು ಕೇಳಿ. ಅವರ ಭಾಷೆ ಬರದಿದ್ದರೂ ಉತ್ತರದ ರೀತಿಯಿಂದಲೇ ತಿಳಿಯುತ್ತದೆ.

‘ನಾರೊದ್’ ಮತ್ತು ‘ನಾರೊದ್ನೊಸ್ತ್’. 1974ರ ಯುಗೊಸ್ಲಾವ್ ಸಂವಿಧಾನದ ಭಾಷೆಯಲ್ಲಿ ಸರ್ಬರು, ಕ್ರೊಯಾಟರು, ಸ್ಲೊವೀನರು ಮುಂತಾದ, ಒಕ್ಕೂಟವನ್ನು ಕಟ್ಟಿದ ಜನಾಂಗಗಳು ‘ನಾರೊದ್’. ಆಲ್ಬೇನಿಯನ್ನರು, ಹಂಗೇರಿಯನ್ನರಂಥವರು ‘ನಾರೊದ್ನೊಸ್ತ್’. ರಷ್ಯನ್‌ನಲ್ಲೂ ಇದೇ ಪದವಿದೆ, ಆದರೆ ಸೋವಿಯತ್ ಜನಾಂಗಶಾಸ್ತ್ರದಲ್ಲಿ ಅದರ ಅರ್ಥ ಬುಡಕಟ್ಟಿಗೂ ರಾಷ್ಟ್ರಕ್ಕೂ ನಡುವಿನ ಐತಿಹಾಸಿಕ ಹಂತ. ಪದವನ್ನು ಹಾಗೇ ದಾಟಿಸಿದರೆ ಕೊಸೊವೊದ ಆಲ್ಬೇನಿಯನ್ನರು ‘ಇನ್ನೂ ರಾಷ್ಟ್ರವಾಗದವರು’ ಎಂದು ಭಾಷಣಕಾರರು ಹೇಳಿದಂತೆ ರಷ್ಯನ್ ಸಭಿಕರಿಗೆ ಕೇಳುತ್ತದೆ. ವಿಷಯ ಬಲ್ಲ ದುಭಾಷಿ ಮೊದಲ ಸಲ ಒಂದೆರಡು ಪದದ ವಿವರಣೆ ಸೇರಿಸುತ್ತಾರೆ, ಆಮೇಲೆ ಸುಮ್ಮನೆ ಪದವನ್ನೇ ಬಳಸುತ್ತಾರೆ.

‘ದ್ರುಶ್ತ್ವೆನಾ ಸ್ವೊಯಿನಾ’, ಅಂದರೆ ಸಾಮಾಜಿಕ ಒಡೆತನ. ಯುಗೊಸ್ಲಾವ್ ಸಿದ್ಧಾಂತದ ಜೀವಾಳವೇ ‘ಇದು ಸರ್ಕಾರದ ಒಡೆತನವಲ್ಲ’ ಅನ್ನುವುದು. ಸೋವಿಯತ್ ಅರ್ಥಶಾಸ್ತ್ರದಲ್ಲಿ ಸರ್ಕಾರದ ಒಡೆತನವೂ ಸಾಮಾಜಿಕ ಒಡೆತನದ ಒಂದು ರೂಪ. ಈ ವ್ಯತ್ಯಾಸ ಗೊತ್ತಿಲ್ಲದವರ ಬಾಯಲ್ಲಿ 1948ರಲ್ಲಿ ಯುಗೊಸ್ಲಾವಿಯಾವನ್ನು ಸೋವಿಯತ್ ಬಣದಿಂದ ಬೇರೆ ಮಾಡಿದ ಟಿಟೊ-ಸ್ಟಾಲಿನ್ ಜಗಳವೇ ಮಾಯವಾಗುತ್ತದೆ.

ಮೂರನೆಯದು ಸಂಕ್ಷೇಪಗಳು. ಸ್ವಯಮಾಡಳಿತದ ಬಗ್ಗೆ ಮಾತಾಡುವವರು ‘ಓಊರ್’ (ಸಂಯೋಜಿತ ದುಡಿಮೆಯ ಮೂಲ ಘಟಕ, 1976ರ ಕಾಯ್ದೆಯ ಕೇಂದ್ರ ಪದ), ‘ಸಿಝ್’ (ಶಾಲೆ, ಆಸ್ಪತ್ರೆಗಳಂಥ ಸೇವೆಗಳನ್ನು ನಡೆಸಲು ಮಾಡಿಕೊಂಡ ಸ್ವಯಮಾಡಳಿತ ಸಮುದಾಯ) ಎಂದು ಬಿಡಿಸದೆ ಹೇಳಿಬಿಡುತ್ತಾರೆ. ರಷ್ಯನ್‌ನಲ್ಲಿ ‘ಸಿಝ್’ ಎಂದರೆ ಮುಖಗವಸು, ಕೈಗವಸಿನಂಥ ರಕ್ಷಣಾ ಸಾಮಗ್ರಿ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಪದ. ‘ಆರೋಗ್ಯ ಕ್ಷೇತ್ರದ ಸಿಝ್‌ಗಳ ಪ್ರಜಾಸತ್ತಾತ್ಮಕ ನಿರ್ವಹಣೆ’ ರಷ್ಯನ್ ಕಿವಿಗೆ ಹೇಗೆ ಕೇಳಿಸುತ್ತದೆಂದು ನೀವೇ ಊಹಿಸಿ.

ಝಾಗ್ರೆಬ್‌ನ ಭಾಷಣಕಾರರಿದ್ದರೆ ತಿಂಗಳ ಹೆಸರನ್ನೂ ಕೇಳಿ. ಸರ್ಬಿಯನ್‌ನಲ್ಲಿ ಜೂನ್, ಜುಲೈ ಎಂಬ ಲ್ಯಾಟಿನ್ ಮೂಲದ ಹೆಸರುಗಳೇ ಇವೆ, ರಷ್ಯನ್‌ಗೂ ಅವೇ. ಕ್ರೊಯೇಷಿಯನ್‌ಗೆ ತನ್ನದೇ ಸ್ಲಾವಿಕ್ ಹೆಸರುಗಳು: ಲಿಪಾನ್ಯ್ ಜೂನ್, ಸ್ರ್‌ಪಾನ್ಯ್ ಜುಲೈ, ಲಿಸ್ತೊಪಾದ್ ಅಕ್ಟೋಬರ್. ದುಭಾಷಿ ಉಕ್ರೇನ್ ಮೂಲದವರಾದರೆ ಇನ್ನೊಂದು ಬಲೆ: ಅದೇ ಬೇರಿನ ಲೀಪೆನ್, ಸೇರ್ಪೆನ್, ಲಿಸ್ತೊಪಾದ್ ಅಲ್ಲಿ ಜುಲೈ, ಆಗಸ್ಟ್, ನವೆಂಬರ್. ಎಲ್ಲವೂ ಒಂದೊಂದು ತಿಂಗಳು ಮುಂದೆ. ಕ್ರೊಯೇಷಿಯನ್‌ನ ‘ಸುಸ್ತಾವ್’ ಅಂದರೆ ವ್ಯವಸ್ಥೆ, ರಷ್ಯನ್‌ನಲ್ಲಿ ಅದು ಮೂಳೆಯ ಕೀಲು. ಸರ್ಬಿಯನ್ ಮಾತ್ರ ಕಲಿತವರಿಗೆ ವ್ಯವಸ್ಥೆ ಎಂದರೆ ‘ಸಿಸ್ಟೆಮ್’, ಹಾಗಾಗಿ ಇಲ್ಲಿ ಕ್ಷಣಕಾಲ ನಾಲಿಗೆ ತಡವರಿಸುತ್ತದೆ. ಅಷ್ಟರಲ್ಲಿ ಮುಂದಿನ ವಾಕ್ಯ ಕೈತಪ್ಪಿರುತ್ತದೆ.

ಇವೆಲ್ಲದರ ನಡುವೆ ಅವರೇ ನಿಮ್ಮನ್ನು ಏನು ಕೇಳುತ್ತಾರೆ ಗಮನಿಸಿ. ‘ಯಾವ ದಶಕದ ಬಗ್ಗೆ? ಕೇಳುವವರು ಇತಿಹಾಸಕಾರರೋ ಅರ್ಥಶಾಸ್ತ್ರಜ್ಞರೋ? ಪ್ರಬಂಧ ಓದುತ್ತಾರೋ ಮಾತಾಡುತ್ತಾರೋ?’ ಎಂದು ಕೇಳುವವರನ್ನು ಬಿಡಬೇಡಿ. ದಿನಾಂಕ, ದುಡ್ಡು ಎರಡನ್ನೇ ಕೇಳುವವರು ಬೇರೆ ಕೆಲಸಕ್ಕೆ ಸರಿ.

ಪ್ರಶ್ನೆ: ದುಭಾಷಿಗೆ ಮುಂಚಿತವಾಗಿ ಏನೇನು ಕೊಡಬೇಕು?
— ಓದುಗರು, ಬೆಂಗಳೂರು

ಉತ್ತರ: ಪ್ರಬಂಧಗಳ ಕರಡು ಎರಡು ವಾರ ಮುಂಚೆ, ಅಂತಿಮ ಸ್ಲೈಡ್‌ಗಳು ಮೂರು ದಿನ ಮುಂಚೆ. ‘ಕೊನೇ ಗಳಿಗೆಯಲ್ಲಿ ಬದಲಾಗಬಹುದು, ಆಮೇಲೆ ಕೊಡುತ್ತೇನೆ’ ಎನ್ನುವ ಪ್ರಾಧ್ಯಾಪಕರಿಂದ ಅರ್ಧಂಬರ್ಧ ಕರಡನ್ನಾದರೂ ಈಸಿಕೊಳ್ಳಿ. ಅದೂ ಇಲ್ಲದಿದ್ದರೆ ಅದೇ ವಿಷಯದ ಅವರ ಹಳೆಯ ಲೇಖನ ಸಾಕು. ಒಳ್ಳೆಯ ದುಭಾಷಿ ತಯಾರಿಯಿಲ್ಲದೆ ಮಾಡುವ ಕೆಲಸಕ್ಕಿಂತ ಸಾಧಾರಣ ದುಭಾಷಿ ಪ್ರಬಂಧ ಓದಿಕೊಂಡು ಬಂದು ಮಾಡುವುದು ಎಷ್ಟೋ ಸಲ ಮೇಲಾಗಿರುತ್ತದೆ.

ಜೊತೆಗೊಂದು ಪದಪಟ್ಟಿ, 60ರಿಂದ 80 ಪದ. ಮೂರು ಅಂಕಣ: ಮೂಲ ಪದ, ರಷ್ಯನ್ ಪದ, ಯಾವ ಅರ್ಥದಲ್ಲಿ. ಕೊನೆಯ ಅಂಕಣವನ್ನು ಭಾಷಣಕಾರರಿಂದಲೇ ತುಂಬಿಸಿ. ಉಲ್ಲೇಖವಾಗುವ ಚಿಂತಕರ ಹೆಸರುಗಳಿಗೆ ಬೇರೆ ಪಟ್ಟಿ ಬೇಕು, ಏಕೆಂದರೆ ರಷ್ಯನ್‌ಗೆ ‘ಹ’ ಅಕ್ಷರವಿಲ್ಲ, ಅದನ್ನು ತುಂಬಿಸುವ ರೀತಿಗೆ ನಿಯಮವೂ ಇಲ್ಲ: ಹೆಗೆಲ್ ಅಲ್ಲಿ ಗೆಗೆಲ್, ಹಾಬ್ಸ್ ಗೊಬ್ಸ್, ಹುಸರ್ಲ್ ಗುಸ್ಸೆರ್ಲ್, ಆದರೆ ಹಾಬರ್ಮಾಸ್ ಮಾತ್ರ ಖಾಬರ್ಮಾಸ್, ಹೈಡೆಗರ್ ಖೈಡೆಗ್ಗೆರ್. ರೂಢಿಯಿಂದಲೇ ಬರಬೇಕಾದ್ದು. ಗೊಬ್ಸ್‌ನನ್ನು ‘ಖೊಬ್ಸ್’ ಎಂದರೆ ಮುಂದಿನ ಸಾಲಿನವರು ಆ ಕ್ಷಣವೇ ಹೆಡ್‌ಫೋನ್ ತೆಗೆದಿಡುತ್ತಾರೆ.

ಭಾಷಣಕಾರರಿಗೂ ಒಂದು ಮಾತು ಹೇಳಿ: 20 ನಿಮಿಷಕ್ಕೆ 2000 ಪದ ಮೀರಬಾರದು. ಬರೆದದ್ದನ್ನು ಓದುವವರು ಆಡುವ ಮಾತಿಗಿಂತ ವೇಗವಾಗಿ, ಏರಿಳಿತವಿಲ್ಲದೆ ಓದುತ್ತಾರೆ. ಅಂಕಿ-ಅಂಶಗಳೆಲ್ಲ ಪರದೆಯ ಮೇಲಿರಲಿ. ಅನುವಾದದ ಧ್ವನಿ ಮುದ್ರಿಸಿ ಪ್ರಕಟಿಸುವ ಯೋಚನೆಯಿದ್ದರೆ ಒಪ್ಪಂದದಲ್ಲೇ ಬರೆಯಿರಿ. ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು, ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವೂ ಇರುತ್ತದೆ.

ಪ್ರಶ್ನೆ: ನೇರ ಜೋಡಿ ಸಿಗದಿದ್ದರೆ ಸರ್ಬಿಯನ್‌ನಿಂದ ಇಂಗ್ಲಿಷ್, ಇಂಗ್ಲಿಷಿನಿಂದ ರಷ್ಯನ್ ಎಂದು ಎರಡು ಬೂತು ಇಡಬಹುದೆ?
— ಓದುಗರು, ಹೈದರಾಬಾದ್

ಉತ್ತರ: ಇಡಬಹುದು, ದೊಡ್ಡ ಸಮ್ಮೇಳನಗಳಲ್ಲಿ ಇಡುತ್ತಾರೆ. ರಷ್ಯನ್ ಕೇಳುವವರು ಕೆಲವು ಸೆಕೆಂಡು ಹಿಂದೆ ಬೀಳುತ್ತಾರೆ, ಅದು ಸಹಿಸಬಹುದಾದದ್ದು. ಅರ್ಥ ಹಿಂದೆ ಬೀಳುವುದೇ ತೊಂದರೆ. ಮೇಲೆ ಹೇಳಿದ ‘ನಾರೊದ್ನೊಸ್ತ್’ ಇಂಗ್ಲಿಷಿನಲ್ಲಿ ‘ನ್ಯಾಷನಾಲಿಟಿ’ ಆಗುತ್ತದೆ. ಎರಡನೆಯ ಬೂತಿನವರಿಗೆ ಮೂಲ ಕೇಳಿಸಿರುವುದಿಲ್ಲ, ಅವರು ಅದನ್ನು ‘ಪೌರತ್ವ’ ಎಂಬ ರಷ್ಯನ್ ಪದಕ್ಕೆ ತಿರುಗಿಸಿದರೆ ತಪ್ಪು ಹಿಡಿಯುವವರು ಯಾರೂ ಇಲ್ಲ. ಸ್ವಾಗತ ಭಾಷಣ, ಸಾಮಾನ್ಯ ಉಪನ್ಯಾಸಗಳಿಗೆ ಈ ಏರ್ಪಾಡು ನಡೆಯುತ್ತದೆ. ಸಿದ್ಧಾಂತ ಚರ್ಚೆಯಿರುವ ಗೋಷ್ಠಿಗೆ ಬೇಡ. ಅದರ ಬದಲು ಪ್ರಬಂಧಗಳನ್ನು ಮೊದಲೇ ರಷ್ಯನ್‌ಗೆ ಬರಹದಲ್ಲಿ ಅನುವಾದಿಸಿ ಹಂಚಿ, ಪ್ರಶ್ನೋತ್ತರಕ್ಕೆ ಮಾತ್ರ ದುಭಾಷಿ ಇಟ್ಟುಕೊಳ್ಳಿ. ಎಷ್ಟೋ ಕಡೆ ಇದೇ ಅಗ್ಗ.

ಪ್ರಶ್ನೆ: ಮಾಸ್ಕೋದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ನಮ್ಮ ತಂಡ 1990ರ ದಶಕದ ಯುದ್ಧದಲ್ಲಿ ಊರು ಬಿಟ್ಟವರನ್ನು ಸಂದರ್ಶಿಸಲಿದೆ. ದುಭಾಷಿ ಯಾವ ಕಡೆಯವರು ಎಂಬುದು ಮುಖ್ಯವೆ?
— ಓದುಗರು, ಮಾಸ್ಕೋ

ಉತ್ತರ: ತುಂಬ ಮುಖ್ಯ. ಹಾಲಿಗೆ ‘ಮ್ಲೇಕೊ’ ಅಂದರೋ ‘ಮ್ಲಿಯೇಕೊ’ ಅಂದರೋ ಎಂಬಲ್ಲಿಂದಲೇ ದುಭಾಷಿಯ ಊರಿನ ಕಡೆ ಹೊರಬೀಳುತ್ತದೆ, ಹೆಸರು ಉಳಿದದ್ದನ್ನು ಹೇಳುತ್ತದೆ. ಎದುರಿನವರು ಬಾಯಿ ಬಿಗಿಹಿಡಿದರೆ ಅದು ದುಭಾಷಿಯ ಕೌಶಲದ ಕೊರತೆಯಲ್ಲ. ಸಂದರ್ಶನಕ್ಕೆ ಮೊದಲೇ, ‘ಇಂಥ ಊರಿನ ದುಭಾಷಿ ಬರುತ್ತಾರೆ, ನಿಮಗೆ ಸರಿಯೇ?’ ಎಂದು ಕೇಳಿ. ಬೇಡವೆಂದರೆ ಕಾರಣ ಕೆದಕಬೇಡಿ.

ಎರಡನೆಯದು ಯುದ್ಧಕ್ಕೆ ಅವರಿಡುವ ಹೆಸರು. ಒಬ್ಬರು ‘ಅಂತರ್ಯುದ್ಧ’ ಎನ್ನುತ್ತಾರೆ, ಇನ್ನೊಬ್ಬರು ‘ಆಕ್ರಮಣ’, ಕ್ರೊಯೇಷಿಯದವರು ‘ದೊಮೊವಿನ್ಸ್ಕಿ ರಾತ್’, ಅಂದರೆ ತಾಯ್ನಾಡಿನ ಯುದ್ಧ. ಅದನ್ನು ರಷ್ಯನ್‌ಗೆ ನೇರ ತಂದರೆ ‘ಒತೆಚೆಸ್ತ್ವೆನ್ನಯಾ ವೊಯ್ನಾ’ ಆಗಿ ಕೇಳುವವರ ತಲೆಯಲ್ಲಿ ನೆಪೋಲಿಯನ್ ವಿರುದ್ಧದ 1812 ಅಥವಾ ಹಿಟ್ಲರ್ ವಿರುದ್ಧದ 1941 ಎದ್ದು ನಿಲ್ಲುತ್ತದೆ. ‘ಕ್ರೊಯೇಷಿಯಾದಲ್ಲಿ’ ಎಂದು ಸೇರಿಸಲು ಹೇಳಿ. ಯಾವ ಕಾರಣಕ್ಕೂ ಎಲ್ಲವನ್ನೂ ‘ಸಂಘರ್ಷ’ ಎಂದು ತೊಳೆದು ಬಿಳಿ ಮಾಡಿ ಕೊಡಬಾರದು. ನಿಮಗೆ ಬೇಕಾದ ದತ್ತಾಂಶವೇ ಆ ಪದ.

‘ಅವರು ಹೀಗೆ ಹೇಳುತ್ತಿದ್ದಾರೆ’ ಎನ್ನದೆ ‘ನಾನು’ ಎಂದೇ ಅನುವಾದಿಸಬೇಕು. ಮೂಲವನ್ನೂ ಅನುವಾದವನ್ನೂ ಎರಡು ಮೈಕಿನಲ್ಲಿ ಬೇರೆ ಬೇರೆ ಮುದ್ರಿಸಿ. ಲಿಪಿಗಿಳಿಸುವುದು ಮೂಲದಿಂದ, ಅನುವಾದದಿಂದಲ್ಲ. ಒಂದು ಕೂರಿಕೆ 45ರಿಂದ 60 ನಿಮಿಷ, ದಿನಕ್ಕೆ ಇಂಥವು ಎರಡು ಸಾಕು. ‘ನಾನು’ ಎಂದು ಹೇಳಿ ಹೇಳಿ ಆ ಸಾವುನೋವು ದುಭಾಷಿಯ ಮೈಗೂ ಹತ್ತುತ್ತದೆ.

ಪ್ರಶ್ನೆ: ರಷ್ಯಾದಲ್ಲಿರುವ ದುಭಾಷಿಗೆ ಹಣ ಕಳಿಸುವುದು ಹೇಗೆ?
— ಓದುಗರು, ವಿಯೆನ್ನಾ

ಉತ್ತರ: ಮಾತು ಕೊಡುವ ಮುನ್ನ ಇದನ್ನೇ ಇತ್ಯರ್ಥ ಮಾಡಿಕೊಳ್ಳಿ. 2022ರ ಮಾರ್ಚಿನಿಂದ ರಷ್ಯಾದ ಹಲವು ಬ್ಯಾಂಕುಗಳು, ದೇಶದೇಶಗಳ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದ ಹೊರಗಿವೆ. ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಕೂಡ ಆಗಲೇ ಅಲ್ಲಿ ಸೇವೆ ನಿಲ್ಲಿಸಿದವು. ದುಭಾಷಿಯ ಬ್ಯಾಂಕ್ ಯಾವುದೆಂದು ಕೇಳಿ, ನಿಮ್ಮ ಬ್ಯಾಂಕಿನಿಂದ ಲಿಖಿತ ಉತ್ತರ ಪಡೆಯಿರಿ. ಅವರಿಗೆ ಷೆಂಗೆನ್ ವೀಸಾ ಬೇರೆ ಬೇಕು, ಹಾಗಾಗಿ ನಾಲ್ಕು ತಿಂಗಳು ಮುಂಚೆ ಹುಡುಕಾಟ ಶುರುವಾಗಲಿ. ಕಾರ್ಯಕ್ರಮವನ್ನು ಬೆಲ್‌ಗ್ರೇಡ್‌ನಲ್ಲೇ ಇಟ್ಟರೆ ರಷ್ಯನ್ನರು 30 ದಿನದವರೆಗೆ ವೀಸಾ ಇಲ್ಲದೆ ಬರಬಹುದು. ಆದರೆ ದುಡಿಮೆಯ ಅನುಮತಿಯ ನಿಯಮ ಬೇರೆ, ಅದನ್ನು ಅಲ್ಲಿನ ಆತಿಥೇಯ ಸಂಸ್ಥೆಯಿಂದ ವಿಚಾರಿಸಿ. ಸರ್ಬಿಯಾದಲ್ಲೇ ಉದ್ಯಮಿಯಾಗಿ ನೋಂದಾಯಿಸಿಕೊಂಡ ದುಭಾಷಿಯಾದರೆ ಬಿಲ್ಲು, ಬ್ಯಾಂಕು ಎರಡೂ ಸಲೀಸು.

ಪ್ರಶ್ನೆ: ರಷ್ಯನ್ ಡಿಪ್ಲೊಮಾ ಮುಗಿಸಿದ್ದೇನೆ. ಸರ್ಬಿಯನ್ ಕಲಿತು ಈ ಜೋಡಿಯಲ್ಲಿ ದುಭಾಷಿಯಾಗಬಹುದೆ?
— ಓದುಗರು, ಮೈಸೂರು

ಉತ್ತರ: ಮಾರುಕಟ್ಟೆ ಕೇಳುವುದು ಎರಡರಲ್ಲೊಂದು ಮನೆಮಾತಾಗಿರುವವರನ್ನು. ಹಾಗಾಗಿ ಈ ಜೋಡಿಯ ಬೂತಿನ ಕೆಲಸ ನಿಮಗೆ ಕಷ್ಟ. ಆದರೆ ಎರಡೂ ಬಲ್ಲವರಾಗಿ ಇಂಗ್ಲಿಷ್ ಅಥವಾ ಕನ್ನಡಕ್ಕೆ ಬರಹದ ಅನುವಾದ ಮಾಡುವವರು ನಮ್ಮಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸರ್ಬಿಯನ್ ಕಲಿಯಲು ಬೆಲ್‌ಗ್ರೇಡ್ ಭಾಷಾಶಾಸ್ತ್ರ ನಿಕಾಯದಲ್ಲಿ ವಿದೇಶಿಯರ ಕೇಂದ್ರವಿದೆ, ಕ್ರೊಯೇಷಿಯನ್‌ಗೆ ಝಾಗ್ರೆಬ್‌ನ ‘ಕ್ರೊಆತಿಕುಮ್’. ಅಲಿಪ್ತ ಚಳವಳಿಯ ದೇಶಗಳ ವಿದ್ಯಾರ್ಥಿಗಳಿಗೆ ಸರ್ಬಿಯಾ ಸರ್ಕಾರ ‘ಸ್ವೇತ್ ಉ ಸ್ರ್‌ಬಿಯಿ’ ಎಂಬ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಈ ವರ್ಷದ ಅರ್ಜಿಯ ಕೊನೆಯ ದಿನವನ್ನು ದೆಹಲಿಯ ಸರ್ಬಿಯಾ ರಾಯಭಾರ ಕಚೇರಿಯಲ್ಲಿ ವಿಚಾರಿಸಿ.